ಪ್ಲಾಟ್ ಸ್ಟೈಲ್ ಬೇಕೇ, ಬೇಡವೇ? ಕ್ಯಾಡ್ ನಕ್ಷೆಯನ್ನು ಮುದ್ರಿಸುವ ಮುನ್ನ ನಿರ್ಧರಿಸಬೇಕಾದ ಸಂಗತಿಗಳು

ಕಪ್ಪು ಹಿನ್ನೆಲೆಯ ಪರದೆಯ ಮೇಲೆ ಹಳದಿ ಬಣ್ಣದ ಅಳತೆ ಗೆರೆ ಎದ್ದು ಕಾಣುತ್ತದೆ. ಅದೇ ಗೆರೆ ಬಿಳಿ ಕಾಗದದ ಮೇಲೆ ಹಳದಿಯಾಗಿಯೇ ಮುದ್ರಣಗೊಂಡರೆ ಓದಲಾಗುವುದಿಲ್ಲ. ಬಣ್ಣದ ಸೌಲಭ್ಯವಿಲ್ಲದ ಪ್ಲಾಟರಿನಲ್ಲಂತೂ (ದೊಡ್ಡ ಹಾಳೆಯ ನಕ್ಷೆ ಮುದ್ರಿಸುವ ಯಂತ್ರ) ಹಳದಿ ತೆಳು ಬೂದಾಗಿ, ಸಣ್ಣ ಚುಕ್ಕಿಗಳಾಗಿ ಒಡೆದು, ಅಖಂಡ ಗೆರೆಯೂ ತುಂಡು ಗೆರೆಯಂತೆ ಕಾಣುತ್ತದೆ. ದಾವಣಗೆರೆಯಂತಹ ಊರಿನಲ್ಲಿ ನಕ್ಷೆ ಬರೆಯುವ ಕಚೇರಿ ಒಂದು ಕಡೆ, ದೊಡ್ಡ ಹಾಳೆ ಮುದ್ರಿಸುವ ಜೆರಾಕ್ಸ್ ಅಂಗಡಿ ಇನ್ನೊಂದು ಕಡೆ, ಆ ಹಾಳೆಯನ್ನು ಬಿಸಿಲಿನಲ್ಲಿ ಹಿಡಿದು ಕೆಲಸ ಮಾಡಿಸುವ ಮೇಸ್ತ್ರಿ ಮತ್ತೊಂದು ಕಡೆ ಇರುವುದರಿಂದ, ಗೆರೆಯ ಬಣ್ಣ ಮತ್ತು ದಪ್ಪದ ವಿಷಯವನ್ನು ಅಂಗಡಿಯವರ ಯಂತ್ರಕ್ಕೆ ಬಿಟ್ಟುಬಿಡುವುದು ಜಾಣತನವಲ್ಲ.

ಗಣಕದಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ತಂತ್ರಾಂಶವನ್ನು ಬಳಸುವವರಲ್ಲಿ ಅನೇಕರು ಪ್ಲಾಟ್ ಸ್ಟೈಲನ್ನು, ಅಂದರೆ ಗೆರೆಗಳು ಕಾಗದದ ಮೇಲೆ ಹೇಗೆ ಬರಬೇಕೆಂದು ಹೇಳುವ ನಿಯಮಗಳ ಕಡತವನ್ನು, ಮುದ್ರಣದ ಕಿಟಕಿಯ ಮೂಲೆಯಲ್ಲಿರುವ ಒಂದು ಪಟ್ಟಿಯೆಂದಷ್ಟೇ ತಿಳಿದಿರುತ್ತಾರೆ ಮತ್ತು ಹಾಳೆ ಕೆಟ್ಟು ಬಂದಾಗ ಮಾತ್ರ ಅದರ ಕಡೆ ನೋಡುತ್ತಾರೆ. ಆದರೆ ಅಲ್ಲಿ ಕೇಳಬೇಕಾದ ನಿಜವಾದ ಪ್ರಶ್ನೆ, ಒಂದು ಗೆರೆ ಕಾಗದದ ಮೇಲೆ ಎಷ್ಟು ದಪ್ಪ, ಯಾವ ಬಣ್ಣ ಎಂಬ ಆದೇಶ ಎಲ್ಲಿ ಇರಬೇಕು ಎಂಬುದು. ಅದು ಡ್ರಾಯಿಂಗಿನೊಳಗೆ, ಅಂದರೆ ಲೇಯರಿನಲ್ಲಿ (ಗೋಡೆ, ಅಳತೆ ಎಂಬಂತೆ ಗೆರೆಗಳನ್ನು ವಿಂಗಡಿಸಿಡುವ ಪದರದಲ್ಲಿ) ಇರಬಹುದು. ಇಲ್ಲವೇ ಡ್ರಾಯಿಂಗಿನ ಹೊರಗೆ, ಪ್ರತ್ಯೇಕ ಪ್ಲಾಟ್ ಸ್ಟೈಲ್ ಕಡತದಲ್ಲಿ ಇರಬಹುದು. ಎರಡೂ ಕಡೆ ಅರ್ಧರ್ಧ ಇಟ್ಟಾಗಲೇ ತೊಂದರೆ ಶುರುವಾಗುವುದು. ಈ ಮಾರ್ಗದರ್ಶಿಯನ್ನು ಆಟೋಕ್ಯಾಡನ್ನು ಮುಂದಿಟ್ಟುಕೊಂಡು ಬರೆಯಲಾಗಿದೆ. ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯೂಕ್ಯಾಡ್ ಮುಂತಾದವುಗಳೂ ಇದೇ ಕಡತಗಳನ್ನು ಓದುವುದರಿಂದ ಮೂಲ ತರ್ಕ ಅಲ್ಲಿಯೂ ಹೊಂದುತ್ತದೆ.

ಬಣ್ಣಕ್ಕೂ ದಪ್ಪಕ್ಕೂ ನಂಟು ಹೇಗೆ ಬಂತು

ಮೊದಲಿನ ಪ್ಲಾಟರುಗಳಲ್ಲಿ ನಿಜವಾದ ಪೆನ್ನುಗಳಿದ್ದವು. ಪರದೆಯ ಮೇಲೆ ಕೆಂಪು ಬಣ್ಣದಲ್ಲಿರುವ ಗೆರೆಗಳನ್ನೆಲ್ಲ ಒಂದನೆಯ ಪೆನ್ನಿನಿಂದಲೂ ಹಳದಿಯವನ್ನು ಎರಡನೆಯ ಪೆನ್ನಿನಿಂದಲೂ ಬರೆಯಬೇಕೆಂದು ಯಂತ್ರಕ್ಕೆ ಹೇಳಲಾಗುತ್ತಿತ್ತು. ಪೆನ್ನಿನ ಮೊನೆಯೇ ಗೆರೆಯ ದಪ್ಪವನ್ನು ನಿರ್ಧರಿಸುತ್ತಿತ್ತು. ಹಾಗಾಗಿ ಪರದೆಯ ಬಣ್ಣವು ಬಣ್ಣವಾಗಿರದೆ ದಪ್ಪದ ಸಂಕೇತವಾಗಿತ್ತು. ಆಟೋಕ್ಯಾಡ್ 2000 ಆವೃತ್ತಿಯಲ್ಲಿ ಲೇಯರಿಗೆ ನೇರವಾಗಿ ದಪ್ಪ ಕೊಡುವ ಸೌಲಭ್ಯವೂ, ಪ್ಲಾಟ್ ಸ್ಟೈಲ್ ಕಡತಗಳೂ ಒಟ್ಟಿಗೆ ಬಂದವು. ಪೆನ್ನಿನ ಪ್ಲಾಟರು ಮರೆಯಾದರೂ ಬಣ್ಣದಿಂದ ದಪ್ಪ ನಿರ್ಧರಿಸುವ ಅಭ್ಯಾಸ ಕಚೇರಿಗಳಲ್ಲಿ ಹಾಗೆಯೇ ಉಳಿಯಿತು. ಇಂದು ಹಳೆಯ ಡ್ರಾಯಿಂಗುಗಳನ್ನು ತೆರೆದಾಗ ಕಾಣುವ ಬಣ್ಣಗಳ ಜಾತ್ರೆಗೆ ಇದೇ ಕಾರಣ.

ಪ್ಲಾಟ್ ಸ್ಟೈಲ್ ಕಡತಗಳಲ್ಲಿ ಎರಡು ಬಗೆ. ಸಿಟಿಬಿ ಕಡತವು ಬಣ್ಣವನ್ನು ಅವಲಂಬಿಸಿದ್ದು, ಅದರಲ್ಲಿ 1ರಿಂದ 255ರವರೆಗಿನ ಪ್ರತಿಯೊಂದು ಬಣ್ಣ ಸಂಖ್ಯೆಗೂ ಒಂದೊಂದು ಸಾಲು ಇರುತ್ತದೆ. ಎಸ್‌ಟಿಬಿ ಕಡತದಲ್ಲಿ ಬಣ್ಣದ ಲೆಕ್ಕವಿಲ್ಲ. ಅಲ್ಲಿ ‘ಗೋಡೆ’, ‘ತೆಳು ಗೆರೆ’ ಎಂಬಂತೆ ನೀವೇ ಹೆಸರಿಟ್ಟ ಶೈಲಿಗಳಿದ್ದು, ಅವುಗಳನ್ನು ಲೇಯರಿಗೆ ಅಥವಾ ವಸ್ತುವಿಗೆ (ಡ್ರಾಯಿಂಗಿನ ಗೆರೆ, ವೃತ್ತ, ಬರಹದಂತಹ ಒಂದೊಂದು ಅಂಶಕ್ಕೆ) ಹಚ್ಚಬೇಕು. ಒಂದು ಡ್ರಾಯಿಂಗ್ ಏಕಕಾಲಕ್ಕೆ ಎರಡೂ ಬಗೆಯಲ್ಲಿ ಇರಲಾರದು.

ಮೊದಲ ಹಂತ: ಡ್ರಾಯಿಂಗ್ ಯಾವ ಬಗೆಯದೆಂದು ತಿಳಿಯುವುದು

ಕಮಾಂಡ್ ಸಾಲಿನಲ್ಲಿ ‘ಪಿಸ್ಟೈಲ್‌ಮೋಡ್’ (PSTYLEMODE) ಎಂದು ಟೈಪಿಸಿದರೆ 1 ಅಥವಾ 0 ಉತ್ತರವಾಗಿ ಬರುತ್ತದೆ. 1 ಬಂದರೆ ಅದು ಬಣ್ಣಾಧಾರಿತ, 0 ಬಂದರೆ ಹೆಸರಾಧಾರಿತ. ಇದು ಓದಲು ಮಾತ್ರ ಇರುವ ಮೌಲ್ಯ, ಇಲ್ಲಿ ಬದಲಾಯಿಸಲಾಗದು. ಬೆಂಗಳೂರಿನ ವಾಸ್ತುಶಿಲ್ಪಿಗಳ ಕಡತವೊಂದನ್ನು ಇಲ್ಲಿನ ಕಚೇರಿಯಲ್ಲಿ ತೆರೆದಾಗ ಮುದ್ರಣದ ಕಿಟಕಿಯಲ್ಲಿ ತಮ್ಮ ಸಿಟಿಬಿ ಹೆಸರೇ ಕಾಣುತ್ತಿಲ್ಲವೆಂದು ಗಾಬರಿಯಾಗುವವರುಂಟು. ಆ ಡ್ರಾಯಿಂಗ್ ಹೆಸರಾಧಾರಿತವಾಗಿದ್ದರೆ ಪಟ್ಟಿಯಲ್ಲಿ ಎಸ್‌ಟಿಬಿ ಕಡತಗಳಷ್ಟೇ ಬರುತ್ತವೆ. ಸಿಟಿಬಿ ಕಡತ ಕಳೆದುಹೋಗಿಲ್ಲ, ಆ ಡ್ರಾಯಿಂಗಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಈ ಬಗೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಟೆಂಪ್ಲೇಟ್, ಅಂದರೆ ಹೊಸ ಡ್ರಾಯಿಂಗನ್ನು ಆರಂಭಿಸುವ ಮಾದರಿ ಕಡತ. ಮೆಟ್ರಿಕ್ ಅಳತೆಗಾಗಿ ಆಟೋಕ್ಯಾಡ್ ಜೊತೆಗೇ ಬರುವ ‘ಅಕ್ಯಾಡ್ ಐಎಸ್‌ಒ’ ಟೆಂಪ್ಲೇಟ್ ಬಣ್ಣಾಧಾರಿತವಾಗಿದ್ದು, ‘ನೇಮ್ಡ್ ಪ್ಲಾಟ್ ಸ್ಟೈಲ್ಸ್’ ಎಂಬ ಬಾಲವುಳ್ಳ ಅದರ ಜೋಡಿ ಹೆಸರಾಧಾರಿತವಾಗಿರುತ್ತದೆ. ಆತುರದಲ್ಲಿ ತಪ್ಪು ಟೆಂಪ್ಲೇಟನ್ನು ಆರಿಸಿ ಅರ್ಧ ಕೆಲಸವಾದ ಮೇಲೆ ಬಗೆ ಬದಲಾಯಿಸಲು ಹೊರಟರೆ ‘ಕನ್ವರ್ಟ್‌ಪಿಸ್ಟೈಲ್ಸ್’ (CONVERTPSTYLES) ಎಂಬ ಕಮಾಂಡ್ ಇದೆ. ಆದರೆ ಹೆಸರಾಧಾರಿತದಿಂದ ಬಣ್ಣಾಧಾರಿತಕ್ಕೆ ಬರುವಾಗ ವಸ್ತುಗಳಿಗೆ ಹಚ್ಚಿದ್ದ ಶೈಲಿಯ ಹೆಸರುಗಳೆಲ್ಲ ಅಳಿಸಿಹೋಗುವುದರಿಂದ, ಮೂಲ ಕಡತದ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಂಡೇ ಅದನ್ನು ಬಳಸಬೇಕು.

ಎರಡನೆಯ ಹಂತ: ಹಾಳೆ ಯಾರ ಕೈಗೆ ಹೋಗುತ್ತದೆ ಎಂದು ಕೇಳಿಕೊಳ್ಳುವುದು

ನಿರ್ಧಾರದ ಬಹುಪಾಲು ಇಲ್ಲಿಯೇ ಮುಗಿಯುತ್ತದೆ. ದಾವಣಗೆರೆಯ ಬಡಾವಣೆಯೊಂದರಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ ಎಂದುಕೊಳ್ಳೋಣ. ಒಂದೇ ಡ್ರಾಯಿಂಗಿನಿಂದ ಮೂರು ಬಗೆಯ ಹಾಳೆಗಳು ಹೊರಡಬೇಕಾಗುತ್ತದೆ: ಪಾಲಿಕೆಯ ಮಂಜೂರಾತಿಗೆ ಒಂದು, ಸೈಟಿನಲ್ಲಿ ಮೇಸ್ತ್ರಿಗೂ ಬಾರ್ ಬೆಂಡರಿಗೂ ಒಂದು, ಮನೆಯ ಯಜಮಾನರಿಗೆ ತೋರಿಸಲು ಬಣ್ಣದ್ದೊಂದು. ಮೂರಕ್ಕೂ ಒಂದೇ ಉತ್ತರ ಸರಿಹೋಗುವುದಿಲ್ಲ.

ಯಜಮಾನರಿಗೆ ತೋರಿಸುವ ಹಾಳೆಗೆ ಪ್ಲಾಟ್ ಸ್ಟೈಲ್ ಬೇಕಾಗಿಲ್ಲ. ಪಟ್ಟಿಯಲ್ಲಿ ‘ನನ್’ ಎಂದು ಆರಿಸಿದರೆ ವಸ್ತುವಿನ ಬಣ್ಣ ಇದ್ದಂತೆಯೇ, ಲೇಯರಿನಲ್ಲಿ ಕೊಟ್ಟ ದಪ್ಪ ಇದ್ದಂತೆಯೇ ಮುದ್ರಣವಾಗುತ್ತದೆ. ಹುಲ್ಲಿನ ಹಸಿರು, ನೆಲಹಾಸಿನ ಕಂದು ಇತ್ಯಾದಿಗಳನ್ನು ನೋಡಿ ಒಪ್ಪುವವರಿಗೆ ಅಷ್ಟು ಸಾಕು. ಅಳತೆ ಗೆರೆಯ ಹಳದಿಯನ್ನೊಂದು ಗಾಢ ಬಣ್ಣಕ್ಕೆ ಬದಲಿಸಿಕೊಂಡರಾಯಿತು.

ಸೈಟಿನ ಹಾಳೆಗೆ ಬೇಕಾದುದು ಕಪ್ಪು ಗೆರೆ ಮತ್ತು ದಪ್ಪಗಳ ಸ್ಪಷ್ಟ ಅಂತರ. ಇಲ್ಲಿ ಆಟೋಕ್ಯಾಡ್ ಜೊತೆಗೇ ಬರುವ ‘ಮಾನೋಕ್ರೋಮ್’ ಸಿಟಿಬಿ ಸಾಕಾಗುತ್ತದೆ, ಆದರೆ ಅದು ಮಾಡುವುದೇನು, ಮಾಡದಿರುವುದೇನು ಎಂಬುದನ್ನು ತಿಳಿದಿರಬೇಕು. ಅದು 255 ಬಣ್ಣಗಳನ್ನೂ ಕಪ್ಪಾಗಿಸುತ್ತದೆ; ದಪ್ಪದ ವಿಷಯಕ್ಕೆ ಬಂದರೆ ‘ವಸ್ತುವಿನ ದಪ್ಪವನ್ನೇ ಬಳಸು’ ಎಂದು ಬಿಟ್ಟುಕೊಡುತ್ತದೆ. ಲೇಯರುಗಳಲ್ಲಿ ನೀವು ದಪ್ಪವನ್ನೇ ಕೊಟ್ಟಿರದಿದ್ದರೆ ಎಲ್ಲವೂ ‘ಡೀಫಾಲ್ಟ್’ ಆಗಿದ್ದು, ಆ ಡೀಫಾಲ್ಟ್ ಸಾಮಾನ್ಯವಾಗಿ 0.25 ಮಿ.ಮೀ. ಆಗಿರುವುದರಿಂದ, ಒಂಬತ್ತಿಂಚಿನ ಗೋಡೆಯೂ ಅಳತೆ ಗೆರೆಯೂ ಒಂದೇ ದಪ್ಪದಲ್ಲಿ ಬಂದು ಕಾಲಂ ಎಲ್ಲಿದೆ, ಬಾಗಿಲು ಎಲ್ಲಿದೆ ಎಂದು ಹುಡುಕುವಂತಾಗುತ್ತದೆ. ಮಾನೋಕ್ರೋಮ್ ಕೆಟ್ಟದ್ದೆಂದು ದೂರುವವರಲ್ಲಿ ಹೆಚ್ಚಿನವರು ವಾಸ್ತವವಾಗಿ ಲೇಯರ್ ಪಟ್ಟಿಯ ದಪ್ಪದ ಕಂಬಸಾಲನ್ನು ಮುಟ್ಟಿಯೇ ಇರುವುದಿಲ್ಲ.

ಮಂಜೂರಾತಿಯ ಹಾಳೆ ಸ್ವಲ್ಪ ಸೂಕ್ಷ್ಮ. ಅಲ್ಲಿ ಬಣ್ಣಕ್ಕೆ ಅರ್ಥವಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕ್ರಮದಲ್ಲಿ ಹೊಸದಾಗಿ ಕಟ್ಟುವ ಭಾಗವನ್ನು ಕೆಂಪಿನಿಂದ ತುಂಬಬೇಕು, ಕೆಡವುವ ಭಾಗವನ್ನು ಹಳದಿ ಹ್ಯಾಚಿನಿಂದ, ಅಂದರೆ ಗೆರೆಗಳ ತುಂಬುಗೆಯಿಂದ, ತೋರಿಸಬೇಕು. ಮಾನೋಕ್ರೋಮ್ ಹಾಕಿದರೆ ಈ ಭೇದವೇ ಅಳಿದುಹೋಗುತ್ತದೆ. ಪ್ಲಾಟ್ ಸ್ಟೈಲ್ ಬೇಡವೆಂದರೆ ಬೇಕಾದ ಕೆಂಪಿನ ಜೊತೆಗೆ ಬೇಡವಾದ ನೇರಳೆ, ತಿಳಿನೀಲಿಗಳೂ ಕಾಗದಕ್ಕೆ ಬರುತ್ತವೆ. ಕೆಲವೇ ಬಣ್ಣಗಳನ್ನು ಉಳಿಸಿ ಮಿಕ್ಕವನ್ನು ಕಪ್ಪಾಗಿಸುವ ಸ್ವಂತ ಸಿಟಿಬಿ ಕಡತ ಅನಿವಾರ್ಯವಾಗುವುದು ಇಂತಹ ಕಡೆ. ಮಂಡಕ್ಕಿ ಭಟ್ಟಿಗೋ ಅಕ್ಕಿ ಗಿರಣಿಗೋ ಹೊಸ ಶೆಡ್ಡು ಸೇರಿಸುವ ನಕ್ಷೆಯಲ್ಲಿ ಹಳೆಯ ಕಟ್ಟಡ, ಕೆಡವುವ ಗೋಡೆ, ಹೊಸ ಭಾಗ ಮೂರೂ ಒಂದೇ ಹಾಳೆಯಲ್ಲಿ ಬರುವುದರಿಂದ ಅಲ್ಲಿಯೂ ಇದೇ ಅಗತ್ಯ ಎದುರಾಗುತ್ತದೆ.

ಮೂರನೆಯ ಹಂತ: ದಪ್ಪವನ್ನು ಲೇಯರಿನಲ್ಲಿ ಇಡುವುದೋ, ಕಡತದಲ್ಲೋ

ಒಬ್ಬರೋ ಇಬ್ಬರೋ ಕೂತು ಕೆಲಸ ಮಾಡುವ ಕಚೇರಿಗೆ ನನ್ನ ಸಲಹೆ ಸ್ಪಷ್ಟ: ದಪ್ಪವನ್ನು ಲೇಯರಿನಲ್ಲಿಯೇ ಇಡಿ, ಪ್ಲಾಟ್ ಸ್ಟೈಲಿನಿಂದ ಬಣ್ಣದ ಕೆಲಸವನ್ನಷ್ಟೇ ಮಾಡಿಸಿ. ಲೇಯರಿನ ದಪ್ಪ ಡ್ರಾಯಿಂಗಿನೊಳಗೇ ಇರುವುದರಿಂದ ಕಡತ ಚಿತ್ರದುರ್ಗಕ್ಕೆ ಹೋಗಲಿ, ಹುಬ್ಬಳ್ಳಿಗೆ ಹೋಗಲಿ, ಜೊತೆಗೆ ಬೇರೇನನ್ನೂ ಕಳಿಸಬೇಕಾಗಿಲ್ಲ. ಮಾನೋಕ್ರೋಮ್ ಕಡತವಂತೂ ಆಟೋಕ್ಯಾಡ್ ಇರುವ ಎಲ್ಲ ಕಡೆಯೂ ಸಿಗುತ್ತದೆ. ಇದಕ್ಕೆ ವಿರುದ್ಧವಾಗಿ, ವರ್ಷಗಳಿಂದ ಬಣ್ಣದ ಸಂಖ್ಯೆಗೇ ದಪ್ಪ ಕಟ್ಟಿಕೊಂಡು ಬಂದಿರುವ ಕಚೇರಿಯಲ್ಲಿ, ನೂರಾರು ಹಳೆಯ ಡ್ರಾಯಿಂಗುಗಳು ಆ ಲೆಕ್ಕದಲ್ಲೇ ಇದ್ದರೆ, ಅಲ್ಲಿನ ಸಿಟಿಬಿ ಕಡತವನ್ನು ಬಿಟ್ಟು ಹೊಸ ಪದ್ಧತಿ ಹಿಡಿಯುವುದು ವ್ಯರ್ಥ ಶ್ರಮ. ಆ ಕಡತವನ್ನು ಹಾಗೆಯೇ ಮುಂದುವರಿಸಿ ಅದರ ಪ್ರತಿಯನ್ನು ಎಲ್ಲರ ಗಣಕದಲ್ಲೂ ಇಡುವುದೇ ಸರಿ.

ಲೇಯರಿನಲ್ಲಿ ದಪ್ಪ ಕೊಡುವವರು 1:50 ಅಥವಾ 1:100 ಪ್ರಮಾಣದ ಕಟ್ಟಡ ನಕ್ಷೆಗೆ ಹೀಗೆ ಆರಂಭಿಸಬಹುದು: ಕತ್ತರಿಸಿ ತೋರಿಸುವ ಗೋಡೆ, ಕಾಲಂ, ಫುಟಿಂಗುಗಳಿಗೆ 0.50 ಮಿ.ಮೀ.; ಬಾಗಿಲು, ಕಿಟಕಿ, ಮೆಟ್ಟಿಲುಗಳಿಗೆ 0.25, ಬರವಣಿಗೆಗೆ 0.25, ಅಳತೆ ಗೆರೆ ಮತ್ತು ಹ್ಯಾಚಿಗೆ 0.13, ಹಾಳೆಯ ಅಂಚಿಗೆ 0.70. ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ ಕ್ರಮದಲ್ಲಿ ದಪ್ಪಗಳು 0.13, 0.18, 0.25, 0.35, 0.50, 0.70 ಎಂದು ಏರುತ್ತವೆ, ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಸುಮಾರು 1.4 ಪಟ್ಟು. ಪಕ್ಕಪಕ್ಕದ ಮೆಟ್ಟಿಲುಗಳನ್ನು ಬಿಟ್ಟು ಒಂದು ಮೆಟ್ಟಿಲು ಹಾರಿಸಿ ಆರಿಸಿದರೆ ಕಣ್ಣಿಗೆ ಅಂತರ ತಿಳಿಯುತ್ತದೆ. ಏಳೆಂಟು ಬಗೆಯ ದಪ್ಪಗಳನ್ನು ತುರುಕಿದರೆ ಯಾವುದೂ ತಿಳಿಯುವುದಿಲ್ಲ.

ನಾಲ್ಕನೆಯ ಹಂತ: ಸ್ವಂತ ಸಿಟಿಬಿ ಕಡತವನ್ನು ತಯಾರಿಸುವುದು

ಖಾಲಿ ಕಡತದಿಂದ ಆರಂಭಿಸುವ ಅಗತ್ಯವಿಲ್ಲ. ಕಮಾಂಡ್ ಸಾಲಿನಲ್ಲಿ ‘ಸ್ಟೈಲ್ಸ್‌ಮ್ಯಾನೇಜರ್’ (STYLESMANAGER) ಎಂದು ಟೈಪಿಸಿದರೆ ಪ್ಲಾಟ್ ಸ್ಟೈಲ್ ಕಡತಗಳಿರುವ ಫೋಲ್ಡರ್ ತೆರೆದುಕೊಳ್ಳುತ್ತದೆ. ಅಲ್ಲಿರುವ ಮಾನೋಕ್ರೋಮ್ ಸಿಟಿಬಿಯನ್ನು ನಕಲು ಮಾಡಿ, ‘ಮಂಜೂರಾತಿ’ ಎಂದೋ ಕಚೇರಿಯ ಹೆಸರಿನಲ್ಲೋ ಹೆಸರಿಡಿ. ಮೂಲ ಮಾನೋಕ್ರೋಮನ್ನೇ ತಿದ್ದುವ ಅಭ್ಯಾಸ ಬೇಡ. ನಿಮ್ಮ ತಿದ್ದಿದ ಮಾನೋಕ್ರೋಮಿಗೂ ಪಕ್ಕದ ಕಚೇರಿಯ ಮಾನೋಕ್ರೋಮಿಗೂ ಹೆಸರು ಒಂದೇ ಇದ್ದು ಫಲ ಬೇರೆಯಾದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ನಕಲು ಕಡತವನ್ನು ಎರಡು ಬಾರಿ ಕ್ಲಿಕ್ಕಿಸಿ ತೆರೆದರೆ ಎಡಗಡೆ ಬಣ್ಣಗಳ ಸಾಲು, ಬಲಗಡೆ ಗುಣಗಳ ಪಟ್ಟಿ ಕಾಣುತ್ತದೆ. ಪೆನ್ ಸಂಖ್ಯೆ, ವರ್ಚುವಲ್ ಪೆನ್ ಎಂಬ ಸಾಲುಗಳು ಪೆನ್ನಿನ ಪ್ಲಾಟರುಗಳ ಕಾಲದ ಪಳೆಯುಳಿಕೆಗಳು. ಅವನ್ನೂ, ಗೆರೆಯ ಬಗೆ, ತುದಿಯ ಆಕಾರ ಇತ್ಯಾದಿಗಳನ್ನೂ ಇದ್ದಂತೆ ಬಿಡಿ. ನಿಮಗೆ ಬೇಕಾದುವು ಮೂರೇ: ಬಣ್ಣ, ಸ್ಕ್ರೀನಿಂಗ್, ದಪ್ಪ.

ಉಳಿಸಬೇಕಾದ ಬಣ್ಣಗಳನ್ನು ಆರಿಸಿ ‘ವಸ್ತುವಿನ ಬಣ್ಣವನ್ನೇ ಬಳಸು’ ಎಂದು ಬದಲಿಸಬೇಕು. ಇಲ್ಲಿ ಒಂದು ಉಪಾಯವಿದೆ. 1ನೆಯ ಬಣ್ಣವೂ 10ನೆಯ ಬಣ್ಣವೂ ಪರದೆಯ ಮೇಲೆ ಒಂದೇ ಅಚ್ಚ ಕೆಂಪು. 2 ಮತ್ತು 50 ಒಂದೇ ಹಳದಿ. 3 ಮತ್ತು 90 ಒಂದೇ ಹಸಿರು. ಕಣ್ಣಿಗೆ ಭೇದವಿಲ್ಲದಿದ್ದರೂ ಸಿಟಿಬಿ ಕಡತ ನೋಡುವುದು ಸಂಖ್ಯೆಯನ್ನು ಮಾತ್ರ. ಆದ್ದರಿಂದ 1, 2, 3ನ್ನು ಎಂದಿನಂತೆ ಕಪ್ಪಾಗಿಯೇ ಮುದ್ರಿಸಲು ಬಿಟ್ಟು, ಕಾಗದದ ಮೇಲೂ ಬಣ್ಣವಾಗಿಯೇ ಬರಬೇಕಾದ ತುಂಬುಗೆಗಳಿಗೆ 10, 50, 90ನ್ನು ಕೊಟ್ಟು, ಆ ಮೂರು ಸಂಖ್ಯೆಗಳಲ್ಲಿ ಮಾತ್ರ ವಸ್ತುವಿನ ಬಣ್ಣವನ್ನು ಉಳಿಸಿದರೆ, ಹಳೆಯ ಲೇಯರುಗಳನ್ನು ಕದಲಿಸದೆ ಮಂಜೂರಾತಿಯ ಹಾಳೆ ಸಿದ್ಧವಾಗುತ್ತದೆ. ಅದೇ ಡ್ರಾಯಿಂಗಿಗೆ ಮಾನೋಕ್ರೋಮ್ ಹಾಕಿದರೆ ಸೈಟಿನ ಹಾಳೆ ಸಿಗುತ್ತದೆ. ಆಗ ತುಂಬುಗೆಯ ಲೇಯರನ್ನು ಆ ಹಾಳೆಯ ಲೇಔಟಿನ (ಕಾಗದದ ಮೇಲಿನ ಜೋಡಣೆಯ ಪುಟ) ವ್ಯೂಪೋರ್ಟಿನಲ್ಲಿ (ನಕ್ಷೆ ಕಾಣುವ ಚೌಕಟ್ಟು) ಫ್ರೀಜ್ ಮಾಡಿ ಮರೆಸಿಕೊಳ್ಳಬೇಕು, ಇಲ್ಲದಿದ್ದರೆ ಕೆಂಪು ಗೋಡೆಗಳೆಲ್ಲ ಕಪ್ಪು ಪಟ್ಟೆಗಳಾಗುತ್ತವೆ.

ಸ್ಕ್ರೀನಿಂಗ್ ಎಂದರೆ ಶಾಯಿಯ ಪ್ರಮಾಣ: 100 ಎಂದರೆ ಪೂರ್ಣ, 0 ಎಂದರೆ ಬಿಳಿ. ಘನ ಹ್ಯಾಚಿನ ಮೇಲೆ ಬರಹವಿದ್ದಾಗ ಮಾನೋಕ್ರೋಮ್ ಅದನ್ನು ನುಂಗಿಹಾಕುತ್ತದೆ. ಆ ಹ್ಯಾಚಿಗೆಂದೇ 253ರಂತಹ ಬೂದುಬಣ್ಣವನ್ನು ಮೀಸಲಿಟ್ಟು, ಕಡತದಲ್ಲಿ ಅದರ ಸ್ಕ್ರೀನಿಂಗನ್ನು 25 ಅಥವಾ 30ಕ್ಕೆ ಇಳಿಸಿದರೆ ಬರಹ ಓದಬರುತ್ತದೆ. ಹಳೆಯ ಕಟ್ಟಡವನ್ನು ಮಸುಕಾಗಿ, ಹೊಸ ಭಾಗವನ್ನು ಗಾಢವಾಗಿ ತೋರಿಸಲೂ ಇದೇ ದಾರಿ. ಅಂತಹ ಗೆರೆಗಳಿಗೆ 50ರ ಸುಮಾರು ಸಾಕು. ತೆಳು ಗೆರೆಗಳಿಗೆ ಸ್ಕ್ರೀನಿಂಗ್ ತೀರ ಕಡಿಮೆ ಮಾಡಿದರೆ ಅವು ಚುಕ್ಕಿಗಳಾಗಿ ಒಡೆಯುತ್ತವೆ.

ದಪ್ಪದ ಸಾಲನ್ನು, ಹಿಂದಿನ ಹಂತದಲ್ಲಿ ಲೇಯರನ್ನು ಆರಿಸಿಕೊಂಡವರು ‘ವಸ್ತುವಿನ ದಪ್ಪ’ ಎಂದೇ ಎಲ್ಲ 255 ಬಣ್ಣಗಳಿಗೂ ಬಿಡಬೇಕು. ಕಡತದಲ್ಲಿ ಒಂದು ಬಣ್ಣಕ್ಕೆ ದಪ್ಪ ಬರೆದರೆ ಅದು ಲೇಯರಿನ ದಪ್ಪವನ್ನು ಮೀರಿಸುತ್ತದೆ. ಆಮೇಲೆ ಲೇಯರಿನಲ್ಲಿ ಎಷ್ಟು ತಿದ್ದಿದರೂ ಹಾಳೆಯ ಮೇಲೆ ಏನೂ ಬದಲಾಗುವುದಿಲ್ಲ.

ಹೆಸರಾಧಾರಿತ ಶೈಲಿಯ ಬಗ್ಗೆ

ಎಸ್‌ಟಿಬಿ ತತ್ತ್ವತಃ ಹೆಚ್ಚು ಅಚ್ಚುಕಟ್ಟಾದ ವ್ಯವಸ್ಥೆ. ಬಣ್ಣವನ್ನು ಮನಸ್ಸಿಗೆ ಬಂದಂತೆ ಬಳಸಬಹುದು, ಒಂದೇ ಬಣ್ಣದ ಎರಡು ಲೇಯರುಗಳನ್ನು ಬೇರೆಬೇರೆಯಾಗಿ ಮುದ್ರಿಸಬಹುದು. ಆದರೂ ನಮ್ಮ ಕಡೆ ನಕ್ಷೆಗಳು ಕೈಯಿಂದ ಕೈಗೆ ಹೋಗುವ ರೀತಿಯನ್ನು ನೋಡಿದರೆ, ಜೊತೆಗೆ ಕೆಲಸ ಮಾಡುವವರೆಲ್ಲ ಅದನ್ನೇ ಬಳಸುತ್ತಾರೆಂಬ ಖಾತ್ರಿ ಇಲ್ಲದಿದ್ದರೆ ಅದಕ್ಕೆ ಕೈಹಾಕದಿರುವುದೇ ಮೇಲು.

ಐದನೆಯ ಹಂತ: ಮುದ್ರಣದ ಕಿಟಕಿಯಲ್ಲಿ ನೋಡಬೇಕಾದುದು

ಲೇಔಟಿನ ಪೇಜ್ ಸೆಟಪ್ಪಿನಲ್ಲಿ (ಮುದ್ರಣದ ಹೊಂದಾಣಿಕೆಗಳ ಕಿಟಕಿ) ಕಡತದ ಹೆಸರನ್ನು ಆರಿಸಿ, ‘ಪ್ಲಾಟ್ ವಿತ್ ಪ್ಲಾಟ್ ಸ್ಟೈಲ್ಸ್’ ಎಂಬ ಚೌಕಕ್ಕೆ ಗುರುತು ಇದೆಯೇ ಎಂದು ನೋಡಿ. ಈ ಗುರುತು ಇಲ್ಲದಿದ್ದರೆ ಮೇಲೆ ಯಾವ ಕಡತವನ್ನು ಆರಿಸಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಗುರುತು ಹಾಕಿದೊಡನೆ ವಸ್ತುವಿನ ದಪ್ಪದ ಚೌಕ ತಾನಾಗಿಯೇ ಗುರುತುಗೊಂಡು ಮಸುಕಾಗುವುದು ದೋಷವಲ್ಲ. ‘ಡಿಸ್‌ಪ್ಲೇ ಪ್ಲಾಟ್ ಸ್ಟೈಲ್ಸ್’ ಎಂಬುದನ್ನೂ ಆರಿಸಿಕೊಂಡರೆ ಲೇಔಟಿನಲ್ಲಿಯೇ ಹಾಳೆ ಮುದ್ರಣದಲ್ಲಿ ಬರುವ ಬಣ್ಣದಲ್ಲಿ ಕಾಣುತ್ತದೆ. ನಕ್ಷೆ ಬರೆಯುವ ಮಾಡೆಲ್ ಸ್ಥಳದಲ್ಲಿ ಪರದೆಯ ಮೇಲೆ ಕಾಣುವ ದಪ್ಪವನ್ನು ನಂಬಬೇಡಿ, ಅದನ್ನು ಪಿಕ್ಸೆಲ್ ಲೆಕ್ಕದಲ್ಲಿ ತೋರಿಸಲಾಗುತ್ತದೆ. ಲೇಔಟಿನಲ್ಲಿ ಕಾಣುವುದು ಕಾಗದಕ್ಕೆ ಹತ್ತಿರ. ಸೆಟಪ್ಪಿಗೆ ಹೆಸರಿಟ್ಟು ಉಳಿಸಿದರೆ ‘ಪಿಸೆಟಪ್‌ಇನ್’ (PSETUPIN) ಕಮಾಂಡಿನಿಂದ ಬೇರೆ ಡ್ರಾಯಿಂಗಿಗೂ ತರಬಹುದು.

ಇಷ್ಟೆಲ್ಲ ಮಾಡಿದರೂ ಕೆಲವು ಗೆರೆಗಳು ಮಾತು ಕೇಳುವುದಿಲ್ಲ. ಮಾನೋಕ್ರೋಮ್ ಇದ್ದರೂ ಒಂದು ಗೆರೆ ಬಣ್ಣದಲ್ಲಿಯೇ ಬಂದರೆ ಅದಕ್ಕೆ ಟ್ರೂ ಕಲರ್ (ಕೆಂಪು, ಹಸಿರು, ನೀಲಿಯ ಪ್ರಮಾಣಗಳಿಂದ ಹೇಳುವ ಬಣ್ಣ) ಕೊಟ್ಟಿರುತ್ತಾರೆ. 255 ಸಂಖ್ಯೆಗಳ ಹೊರಗಿನ ಆ ಬಣ್ಣವನ್ನು ಸಿಟಿಬಿ ಬದಲಾಯಿಸುವುದಿಲ್ಲ. ಟ್ರೂ ಕಲರಿನಲ್ಲಿ 255, 255, 255 ಎಂದು ಕೊಟ್ಟ ಬಿಳಿ ಗೆರೆ ಕಾಗದದ ಮೇಲೆ ಕಾಣಿಸುವುದೇ ಇಲ್ಲ, 7ನೆಯ ಬಣ್ಣವಾದರೆ ಕಪ್ಪಾಗಿ ಬರುತ್ತದೆ. ಲೇಯರಿನಲ್ಲಿ ಬದಲಾಯಿಸಿದರೂ ಬದಲಾಗದ ವಸ್ತುವಿಗೆ ನೇರವಾಗಿ ಬಣ್ಣ ಅಥವಾ ದಪ್ಪ ಕೊಟ್ಟಿರುವ ಸಂಭವವಿದೆ; ‘ಸೆಟ್‌ಬೈಲೇಯರ್’ ಕಮಾಂಡ್ ಬ್ಲಾಕಿನೊಳಗಿನವನ್ನೂ (ಒಂದೇ ಘಟಕವಾಗಿ ಕಟ್ಟಿದ ಗುಂಪು) ಸೇರಿಸಿ ಇವನ್ನು ಲೇಯರಿನ ಅಧೀನಕ್ಕೆ ತರುತ್ತದೆ. ಗೆರೆ ಎಷ್ಟು ಮಾಡಿದರೂ ದಪ್ಪವಾಗಿಯೇ ಬರುತ್ತಿದ್ದರೆ ಅದು ಅಗಲ ಕೊಟ್ಟ ಪಾಲಿಲೈನ್ (ಹಲವು ತುಂಡುಗಳು ಸೇರಿ ಒಂದಾದ ಗೆರೆ) ಆಗಿರಬಹುದು. ಆ ಅಗಲ ಡ್ರಾಯಿಂಗಿನ ಅಳತೆಯಾದ್ದರಿಂದ ಪ್ರಮಾಣಕ್ಕೆ ತಕ್ಕಂತೆ ಮುದ್ರಣವಾಗುತ್ತದೆ, ಪ್ಲಾಟ್ ಸ್ಟೈಲಿನ ದಪ್ಪ ಅದನ್ನು ತೆಳುವಾಗಿಸಲಾರದು. ಕಡತದ ಹೆಸರಿನ ಹಿಂದೆ ‘ಮಿಸ್ಸಿಂಗ್’ ಎಂದಿದ್ದರೆ ಆ ಸಿಟಿಬಿ ಈ ಗಣಕದಲ್ಲಿಲ್ಲ ಎಂದರ್ಥ. ಕಳಿಸಿದವರಿಂದ ತರಿಸಿಕೊಂಡು ಪ್ಲಾಟ್ ಸ್ಟೈಲ್ ಫೋಲ್ಡರಿಗೆ ಹಾಕಬೇಕು. ನೀವೇ ಕಳಿಸುವಾಗ ‘ಇಟ್ರಾನ್ಸ್‌ಮಿಟ್’ ಬಳಸಿದರೆ ಆ ಕಡತವೂ ಜೊತೆಗೆ ಹೋಗುತ್ತದೆ.

ಆರನೆಯ ಹಂತ: ಅಂಗಡಿಗೆ ಕಳಿಸುವ ಮುನ್ನ

ಜೆರಾಕ್ಸ್ ಅಂಗಡಿಗೆ ಡಿಡಬ್ಲ್ಯೂಜಿ (ಆಟೋಕ್ಯಾಡಿನ ಮೂಲ ಡ್ರಾಯಿಂಗ್) ಕಡತ ಕೊಡದೆ ಪಿಡಿಎಫ್ ಕೊಡಿ. ಮುದ್ರಣದ ಕಿಟಕಿಯ ಪ್ಲಾಟರ್ ಪಟ್ಟಿಯಲ್ಲಿ ‘ಡಿಡಬ್ಲ್ಯೂಜಿ ಟು ಪಿಡಿಎಫ್’ ಆರಿಸಿದಾಗ ಹೊರಬಂದ ಕಡತದಲ್ಲಿ ಬಣ್ಣ, ದಪ್ಪ, ಸ್ಕ್ರೀನಿಂಗ್ ಎಲ್ಲವೂ ನಿಮ್ಮ ಗಣಕದಲ್ಲಿಯೇ ತೀರ್ಮಾನವಾಗಿರುತ್ತದೆ. ಅಂಗಡಿಯವರಲ್ಲಿ ನಿಮ್ಮ ಸಿಟಿಬಿ ಇರಬೇಕಾಗಿಯೇ ಇಲ್ಲ. ಎ1 ಹಾಳೆ ತೆಗೆಸುವ ಮೊದಲು, ಗೋಡೆ, ಅಳತೆ, ಹ್ಯಾಚ್, ಬರಹ ನಾಲ್ಕೂ ಇರುವ ಒಂದು ಮೂಲೆಯನ್ನು ವಿಂಡೋ ಮಾಡಿ ಅದೇ ಪ್ಲಾಟ್ ಸ್ಟೈಲಿನಲ್ಲಿ 1:1 ಪ್ರಮಾಣದಲ್ಲಿ ಎ4 ಕಾಗದದ ಮೇಲೆ ಮುದ್ರಿಸಿ ನೋಡಿದರೆ, ದೊಡ್ಡ ಹಾಳೆಯ ಖರ್ಚಿಲ್ಲದೆ ದೋಷಗಳು ಕಾಣಸಿಗುತ್ತವೆ.

ಎ1ಗೆಂದು ಹೊಂದಿಸಿದ ನಕ್ಷೆಯನ್ನು ಎ3 ಕಾಗದದಲ್ಲಿ ತೆಗೆಸಿದರೆ ಅಳತೆಗಳೆಲ್ಲ ಸರಿಯಾಗಿ ಅರ್ಧವಾಗುತ್ತವೆ, ಪಿಡಿಎಫ್‌ನೊಳಗಿನ ದಪ್ಪಗಳೂ ಅರ್ಧವಾಗುತ್ತವೆ, 0.13ರ ಗೆರೆ 0.065ಕ್ಕೆ ಇಳಿದು ಮಾಯವಾಗುವಷ್ಟು ತೆಳುವಾಗುತ್ತದೆ. ಸೈಟಿಗೆ ಎ3 ಪ್ರತಿಯೂ ಬೇಕಾಗುವುದಿದ್ದರೆ ಕನಿಷ್ಠ ದಪ್ಪವನ್ನು 0.18ಕ್ಕೆ ಏರಿಸಿ, ಇಲ್ಲವೇ ಎ3ಕ್ಕೆ ಬೇರೆ ಪೇಜ್ ಸೆಟಪ್ ಮಾಡಿ. ಅಂಗಡಿಯಲ್ಲಿ ‘ಫಿಟ್’ ಆಯ್ಕೆ ಬೇಡ, 100 ಶೇಕಡಾ ಅಳತೆಯಲ್ಲಿಯೇ ತೆಗೆಯಿರಿ ಎಂದು ಹೇಳಿ, ಹಾಳೆ ಕೈಗೆ ಬಂದೊಡನೆ ಸ್ಕೇಲ್ ಇಟ್ಟು ನೋಡಿ. 1:50ರಲ್ಲಿ 30 ಅಡಿಯ ಬದಿ 183 ಮಿ.ಮೀ., 40 ಅಡಿಯ ಬದಿ 244 ಮಿ.ಮೀ. ಇರಬೇಕು. ಇದಕ್ಕಿಂತ ಕಡಿಮೆಯಿದ್ದರೆ ಹಾಳೆಯನ್ನು ಕುಗ್ಗಿಸಿ ಮುದ್ರಿಸಿದ್ದಾರೆ. ಸಿಟಿಬಿಯನ್ನು ತಿದ್ದಲು ಹೋಗದೆ ಅದೇ ಪಿಡಿಎಫ್ ಅನ್ನು ಸರಿಯಾದ ಅಳತೆಯಲ್ಲಿ ಮತ್ತೆ ತೆಗೆಸಿಕೊಂಡರೆ ಸಾಕು.